ಬೇನೆ ಉಳಿಯಿತು, ಬೆಜ್ಜ ಮರೆಯಾದ

ಪದಬಂಧವು ಇಂದು ಅಕ್ಷರಸ್ಥರ ಮನೆಗಳಲ್ಲಿ ಬೆಳಗಿನ ಕಾಫಿಯಷ್ಟೇ ರೂಢಿಯಾಗಿರುವ ವಿನೋದ. 1913ರ ಡಿಸೆಂಬರ್ 21ರಂದು ಅಮೆರಿಕದ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬುವರು ವಜ್ರಾಕೃತಿಯ ಚೌಕಟ್ಟೊಂದನ್ನು ಪ್ರಕಟಿಸಿ ಆರಂಭಿಸಿದ ಈ ಆಟವು ಶತಮಾನ ಕಳೆಯುವುದರೊಳಗಾಗಿ ಲೋಕದ ಅನೇಕ ಭಾಷೆಗಳನ್ನು ಹೊಕ್ಕಿತು. ಕನ್ನಡದ ದಿನಪತ್ರಿಕೆಗಳೂ ವಾರಪತ್ರಿಕೆಗಳೂ ಅದನ್ನು ಆದರದಿಂದ ಬರಮಾಡಿಕೊಂಡವು. ಊರು ಬಿಟ್ಟು ಬಂದ ಕನ್ನಡಿಗರ ಪಾಲಿಗಂತೂ ಅದು ಬರಿಯ ಕಾಲಕ್ಷೇಪವಲ್ಲ. ಕಚೇರಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು, ರೈಲಿನಲ್ಲಿ ಹಿಂದಿ ಎಂದು ದಿನವೆಲ್ಲ ಹಂಚಿಹೋದ ನಾಲಗೆಗೆ, ಅರ್ಧ ಗಂಟೆಯ ಮಟ್ಟಿಗಾದರೂ ಕನ್ನಡದ ಪದಗಳೊಡನೆ ಒಡನಾಡುವ ಅವಕಾಶವನ್ನು ಅದು ಕಲ್ಪಿಸಿಕೊಡುತ್ತದೆ.

ಈಚಿನ ವರ್ಷಗಳಲ್ಲಿ ಕಾಗದದ ಚೌಕಗಳು ಕೈಫೋನಿನ ಗಾಜಿನ ಮೇಲೆ ಬಂದು ಕುಳಿತಿವೆ. ಕಾಗದದ ಮೇಲೆ ತಪ್ಪು ಪದ ಬರೆದರೆ ಮರುದಿನದ ಉತ್ತರವನ್ನು ನೋಡುವತನಕ ಆಸೆ ಉಳಿದಿರುತ್ತಿತ್ತು. ಫೋನಿನ ಆಟ ಹಾಗಲ್ಲ. ಕ್ಷಣಾರ್ಧದಲ್ಲಿ ‘ಇಂಥ ಪದವಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪಿನ ಧಾಟಿಯಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಆದುದರಿಂದಲೇ ಅದನ್ನು ಕುರಿತು ಸ್ವಲ್ಪ ವಿಚಾರ ಮಾಡುವುದು ಅವಶ್ಯವಾಗಿದೆ.

ಹೊರಗುಳಿಯುವ ಪದಗಳು

ಆಟದ ಯಂತ್ರಕ್ಕೆ ಭಾಷೆ ತಿಳಿಯದು. ಅದಕ್ಕೆ ತಿಳಿದಿರುವುದು ಒಂದು ಪಟ್ಟಿ ಮಾತ್ರ. ಆ ಪಟ್ಟಿಯನ್ನು ಯಾರೋ ಒಬ್ಬರು ತಮ್ಮ ನೆನಪಿನಿಂದಲೋ, ಈಚಿನ ಬರಹಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಪದಗಳನ್ನು ಎಣಿಸಿಯೋ ಸಿದ್ಧಪಡಿಸಿರುತ್ತಾರೆ. ಪತ್ರಿಕೆಯ ಸುದ್ದಿಯಲ್ಲಿ ಬಾರದ ಪದ ಪಟ್ಟಿಗೆ ಬರುವುದಿಲ್ಲ. ಪಟ್ಟಿಗೆ ಬಾರದ ಪದ ಆಟದಲ್ಲಿ ಸಲ್ಲುವುದಿಲ್ಲ. ಹೀಗೆ ಹಳಗನ್ನಡದ ಪದಗಳು ಒಂದು ಕಡೆಯಿಂದಲೂ, ಧಾರವಾಡ, ಬಳ್ಳಾರಿ, ಮಂಗಳೂರು ಸೀಮೆಗಳ ಆಡುನುಡಿಯ ಪದಗಳು ಇನ್ನೊಂದು ಕಡೆಯಿಂದಲೂ ಹೊರಗೆ ಉಳಿದುಬಿಡುತ್ತವೆ. ಅಜ್ಜಿಯ ಬಾಯಲ್ಲಿ ದಿನವೂ ಕೇಳಿಬರುವ ‘ಜಡ್ಡು’, ‘ಸೀಕು’, ‘ಬ್ಯಾನಿ’ಗಳಿಗೂ ಅಂಥ ಪಟ್ಟಿಗಳಲ್ಲಿ ಜಾಗ ದೊರೆಯುವುದು ದುರ್ಲಭ.

ಇಂಥ ಪದಗಳ ಪ್ರತಿನಿಧಿಯಾಗಿ ‘ಬೆಜ್ಜ’ ಎಂಬ ಒಂದನ್ನು ಪರೀಕ್ಷಿಸಬಹುದು. ಇದು ಎರಡೇ ಚೌಕಗಳ ಪದ. ಇಂಗ್ಲಿಷ್ ಪದಬಂಧದಲ್ಲಿ ಒಂದೊಂದು ಲಿಪಿಗೂ ಒಂದೊಂದು ಮನೆಯಾದರೆ, ಕನ್ನಡದಲ್ಲಿ ಸ್ವರವನ್ನೂ ಒತ್ತನ್ನೂ ಕೂಡಿಸಿಕೊಂಡ ಇಡಿಯ ಅಕ್ಷರಕ್ಕೆ ಒಂದು ಮನೆ. ‘ಬೆ’ಗೆ ಒಂದು, ‘ಜ್ಜ’ಗೆ ಒಂದು. ಇಷ್ಟು ಪುಟ್ಟ ಪದವನ್ನು ಇಂದು ಕನ್ನಡ ಬಲ್ಲ ನೂರು ಮಂದಿಯ ಮುಂದಿಟ್ಟರೆ ಅರ್ಥ ಹೇಳಬಲ್ಲವರು ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ. ವಿಜಯವಾಡದಲ್ಲಿ ಬೆಳೆದ ಕನ್ನಡದ ಹುಡುಗನು ಮಾತ್ರ ತತ್‌ಕ್ಷಣ ಉತ್ತರ ಹೇಳಿಯಾನು: “ಅದು ತೆಲುಗು; ತೂತು ಎಂದು ಅರ್ಥ.” ಅವನ ಮಾತು ಅರ್ಧ ಸತ್ಯ. ತೆಲುಗಿನಲ್ಲಿ ‘ಬೆಜ್ಜಂ’ ಎಂದರೆ ರಂಧ್ರ. ಸೂಜಿಯ ಕಣ್ಣಿಗೆ ಆಂಧ್ರರು ‘ಸೂದಿ ಬೆಜ್ಜಂ’ ಎನ್ನುತ್ತಾರೆ. ಆದರೆ ಕನ್ನಡಕ್ಕೆ ತನ್ನದೇ ಆದ ಒಬ್ಬ ‘ಬೆಜ್ಜ’ನಿದ್ದನು. ಅವನು ರಂಧ್ರವಲ್ಲ, ವೈದ್ಯ.

ವೈದ್ಯನಿಂದ ಬೆಜ್ಜನವರೆಗೆ

‘ಬೆಜ್ಜ’ವು ಸಂಸ್ಕೃತದ ‘ವೈದ್ಯ’ ಶಬ್ದದ ತದ್ಭವ. ಸಂಸ್ಕೃತದಿಂದ ನೇರವಾಗಿ ಕನ್ನಡಕ್ಕೆ ಬಂದುದಲ್ಲ. ನಡುವೆ ಪ್ರಾಕೃತದ ಮನೆಯಲ್ಲಿ ತಂಗಿ ಬಂದುದು. ಪಾಲಿ ಮತ್ತು ಪ್ರಾಕೃತಗಳಲ್ಲಿ ವೈದ್ಯನಿಗೆ ‘ವೆಜ್ಜ’ ಎಂದು ಹೆಸರು. ಐಕಾರವು ಒತ್ತಕ್ಷರದ ಹಿಂದೆ ಎಕಾರವಾಗುವುದು ಪ್ರಾಕೃತದ ರೂಢಿ. ‘ತೈಲ’ವು ಅಲ್ಲಿ ‘ತೆಲ್ಲ’ವಾಯಿತು. ‘ದ್ಯ’ವು ‘ಜ್ಜ’ವಾಗುವುದಕ್ಕೆ ಹಳಗನ್ನಡದಲ್ಲಿಯೇ ಸಾಕಷ್ಟು ನಿದರ್ಶನಗಳಿವೆ: ವಿದ್ಯೆಯು ಬಿಜ್ಜೆಯಾಯಿತು, ಉದ್ಯೋಗವು ಉಜ್ಜುಗವಾಯಿತು, ವಿದ್ಯಾಧರನು ಬಿಜ್ಜೋದರನಾದನು. ಇನ್ನು ಪದದ ಮೊದಲಿನ ವಕಾರವು ಬಕಾರವಾಗುವುದು ಕನ್ನಡದ ಅಚ್ಚುಮೆಚ್ಚಿನ ಮಾರ್ಪಾಡು: ವನವು ಬನ, ವರ್ಣವು ಬಣ್ಣ, ವಸತಿಯು ಬಸದಿ. ಈ ಮೂರು ಮೆಟ್ಟಿಲುಗಳನ್ನು ಇಳಿದರೆ ವೈದ್ಯನು ಬೆಜ್ಜನಾಗಿ ನಿಲ್ಲುತ್ತಾನೆ. ವಿಕಾರವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ‘ಬಣ್ಣ’ವನ್ನು ಶುದ್ಧ ಕನ್ನಡವೆಂದು ಒಪ್ಪುವವರು ‘ಬೆಜ್ಜ’ನನ್ನು ತಪ್ಪೆನ್ನಲು ಕಾರಣವಿಲ್ಲ.

ತೆಲುಗಿನಲ್ಲಿಯೂ ಈ ವೈದ್ಯನಿದ್ದಾನೆ. ಅಲ್ಲಿ ಅವನ ಹೆಸರು ‘ವೆಜ್ಜು’. ತೆಲುಗಿನವರು ವಕಾರವನ್ನು ಉಳಿಸಿಕೊಂಡರು, ಕನ್ನಡಿಗರು ಬಕಾರ ಮಾಡಿದರು, ವ್ಯತ್ಯಾಸ ಅಷ್ಟೆ. ರಂಧ್ರವೆಂಬ ಅರ್ಥದ ‘ಬೆಜ್ಜಂ’ ಮಾತ್ರ ಬೇರೆಯ ಕುಲದ್ದು. ಅದು ‘ಚುಚ್ಚಲ್ಪಡತಕ್ಕುದು’ ಎಂಬ ಅರ್ಥದ ‘ವೇಧ್ಯ’ದಿಂದ ಹುಟ್ಟಿತು. ‘ಧ್ಯ’ವು ಜಕಾರವಾಗುವುದೂ ಹೊಸತಲ್ಲ, ಸಂಧ್ಯೆಯು ಸಂಜೆಯಾದುದೂ ವಂಧ್ಯೆಯು ಬಂಜೆಯಾದುದೂ ಹಾಗೆಯೇ. ವೈದ್ಯನ ಮೂಲ ‘ಅರಿ’ ಎಂಬ ಅರ್ಥದ ಧಾತು. ಬೆಜ್ಜದ ಮೂಲ ‘ಚುಚ್ಚು’ ಎಂಬ ಅರ್ಥದ ಧಾತು. ಅರಿಯುವವನೂ ಚುಚ್ಚುವ ತಾಣವೂ ಸವೆದು ಸವೆದು ಒಂದೇ ದನಿಗೆ ಬಂದು ನಿಂತದ್ದು ಭಾಷೆಗಳ ದಾರಿಯಲ್ಲಿ ನಡೆಯುವ ಆಕಸ್ಮಿಕ. ಕಿವಿ ಚುಚ್ಚುವುದಕ್ಕೂ ರಕ್ತನಾಳ ಚುಚ್ಚುವುದಕ್ಕೂ ಸುಶ್ರುತ ಸಂಹಿತೆಯಲ್ಲಿ ಪ್ರತ್ಯೇಕ ಅಧ್ಯಾಯಗಳೇ ಇರುವುದನ್ನು ನೆನೆದು, ಎರಡೂ ಪದಗಳು ಒಂದೇ ಎಂದು ಊಹಿಸುವ ಆಸೆ ಹುಟ್ಟಬಹುದು. ಅದು ಸೊಗಸಾದ ಕಲ್ಪನೆಯಾದೀತೇ ಹೊರತು ಶಬ್ದಶಾಸ್ತ್ರವಾಗದು.

ಇದೇ ಪದ ಪೂರ್ವದ ಕಡೆಗೂ ಪ್ರಯಾಣ ಮಾಡಿತು. ಅಸ್ಸಾಮಿಯಲ್ಲಿ ನಾಟಿ ವೈದ್ಯನಿಗೆ ‘ಬೇಜ್’ ಎಂದೇ ಹೆಸರು. ಆಧುನಿಕ ಅಸ್ಸಾಮಿ ಸಾಹಿತ್ಯದ ನಿರ್ಮಾಪಕರಲ್ಲೊಬ್ಬರಾದ ಲಕ್ಷ್ಮೀನಾಥ ಬೇಜ್‌ಬರುವಾ (1864–1938) ಅವರ ಮನೆತನದ ಹೆಸರಿನಲ್ಲಿ ಆ ‘ಬೇಜ್’ ಕುಳಿತಿದ್ದಾನೆ. ಅವರ ಬಾಳಿನ ಬಹುಭಾಗ ಕಲ್ಕತ್ತೆಯಲ್ಲಿಯೂ ಒಡಿಶಾದ ಸಂಬಲಪುರದಲ್ಲಿಯೂ ಕಳೆಯಿತು. ಮರದ ವ್ಯಾಪಾರದ ನಡುವೆ, ಅಸ್ಸಾಮಿ ಕಿವಿಗೆ ಬೀಳದ ಊರುಗಳಲ್ಲಿ ಕುಳಿತು, ಅವರು ಅಸ್ಸಾಮಿಯಲ್ಲಿ ಬರೆದರು. ಅಸ್ಸಾಮಿನ ನಾಡಗೀತೆಯೂ ಅವರದೇ. ನಾಡಿನಿಂದ ದೂರವಿದ್ದವರಿಂದ ನುಡಿಯ ಸೇವೆ ನಡೆಯದೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಬೆಜವಾಡದ ದಂತಕಥೆ

ವಿಜಯವಾಡದ ಹಳೆಯ ಹೆಸರು ಬೆಜವಾಡ. 10ನೆಯ ಶತಮಾನದ ಯುದ್ಧಮಲ್ಲನ ಪದ್ಯಶಾಸನವು ತೆಲುಗು ಛಂದಸ್ಸಿನ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಅದರಲ್ಲಿ ಊರಿನ ಹೆಸರು ಬೆಜವಾಡವೆಂದೇ ಇದೆ. ಕೃಷ್ಣೆಯ ಹಾದಿಗೆ ಬೆಟ್ಟಗಳು ಅಡ್ಡವಾಗಿರಲು ಅರ್ಜುನನು ಬೆಟ್ಟದಲ್ಲಿ ‘ಬೆಜ್ಜಂ’ ಕೊರೆದು ನದಿಗೆ ದಾರಿ ಮಾಡಿಕೊಟ್ಟನೆಂದೂ, ಅದರಿಂದ ಊರಿಗೆ ಈ ಹೆಸರು ಬಂದಿತೆಂದೂ ಜನ ಹೇಳುತ್ತಾರೆ. ಇಂದ್ರಕೀಲಾದ್ರಿಯ ತಪ್ಪಲಿನಲ್ಲಿ ವಾಸಿಸುವ ಕನ್ನಡಿಗರೂ ಈ ಕಥೆಯನ್ನು ಕೇಳಿಯೇ ಇರುತ್ತಾರೆ. ಇದು ಕಿವಿಗೆ ಹಿತವಾದ ಕಥೆ. ಊರಿನ ಹೆಸರನ್ನು ಅದೇ ಊರಿನ ಭೂಗೋಳದಿಂದ ವಿವರಿಸಿಕೊಳ್ಳುವ ಜನಪದದ ಜಾಣತನ ಇದರಲ್ಲಿದೆ. ಕನ್ನಡಿಗರು ಉತ್ಸಾಹದಿಂದ ‘ಬೆಜ್ಜರ ವಾಡವೇ ಬೆಜವಾಡ, ವೈದ್ಯರ ಊರೇ ಇದು’ ಎಂದು ಹೊಸ ಕಥೆಯೊಂದನ್ನು ಕಟ್ಟಲು ಹೊರಟರೆ ಅದು ಅರ್ಜುನನ ಕಥೆಗಿಂತಲೂ ದುರ್ಬಲವಾದೀತು. ದನಿಯ ಹೋಲಿಕೆಯೊಂದೇ ಪದದ ಹುಟ್ಟಿಗೆ ಸಾಕ್ಷಿಯಾಗದು. ಯಂತ್ರವು ಇದ್ದ ಪದವನ್ನು ಇಲ್ಲವೆಂದರೆ ಹೇಗೆ ತಪ್ಪೋ, ಅಭಿಮಾನವು ಇಲ್ಲದ ಸಂಬಂಧವನ್ನು ಇದೆಯೆಂದರೆ ಅಷ್ಟೇ ತಪ್ಪು.

ಕನ್ನಡಕ್ಕೂ ಈ ನೆಲಕ್ಕೂ ಇರುವ ನಿಜವಾದ ನಂಟನ್ನು ತೋರಿಸಲು ಕಟ್ಟುಕಥೆಯ ಅಗತ್ಯವೂ ಇಲ್ಲ. 7ನೆಯ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮನಾದ ಕುಬ್ಜವಿಷ್ಣುವರ್ಧನನು ವೇಂಗಿಯಲ್ಲಿ ಚಾಲುಕ್ಯರ ಹೊಸ ಶಾಖೆಯನ್ನು ನೆಲೆಗೊಳಿಸಿದನು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ ಆದಿಕವಿ ಪಂಪನ ಪೂರ್ವಿಕರು ಅದೇ ವೇಂಗಿಯ ವೆಂಗಿಪಳುವಿನವರು. ಒಂದು ಕಾಲದಲ್ಲಿ ಕನ್ನಡ ನಾಡಿನಿಂದ ಇಲ್ಲಿಗೆ ಅರಸರು ಬಂದರು. ಇಲ್ಲಿಂದ ಕನ್ನಡ ಸಾಹಿತ್ಯಕ್ಕೆ ಕವಿಯ ವಂಶ ಹೋಯಿತು. ವಲಸೆಯೆಂಬುದು ಉಕ್ಕಿನ ಕಾರ್ಖಾನೆ, ಬಂದರು, ಬ್ಯಾಂಕು, ಹೋಟೆಲುಗಳ ಕಾಲದಲ್ಲಿ ಹುಟ್ಟಿದ ಸಂಗತಿಯಲ್ಲ.

ಬೆಟ್ಟದ ಮೇಲಿನ ವೈದ್ಯಗ್ರಂಥ

ವೈದ್ಯದ ವಿಷಯದಲ್ಲಿ ಈ ನಂಟು ಇನ್ನೂ ಹತ್ತಿರದ್ದು. ವಿಶಾಖಪಟ್ಟಣದ ಕನ್ನಡಿಗರು ವಿಜಯನಗರಂ ದಾಟಿ ಸ್ವಲ್ಪ ದೂರ ಹೋದರೆ ರಾಮತೀರ್ಥವೆಂಬ ಕ್ಷೇತ್ರ ಸಿಗುತ್ತದೆ. ರಾಮದೇವಾಲಯದ ಜೊತೆಗೆ ಅಲ್ಲಿಯ ಬೆಟ್ಟಗಳಲ್ಲಿ ಬೌದ್ಧ, ಜೈನ ಅವಶೇಷಗಳೂ ಇವೆ. 9ನೆಯ ಶತಮಾನದ ಜೈನಾಚಾರ್ಯ ಉಗ್ರಾದಿತ್ಯನು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಾಮಗಿರಿಯಲ್ಲಿ ಕುಳಿತು ರಚಿಸಿದನು. ಆ ರಾಮಗಿರಿಯು ಈ ರಾಮತೀರ್ಥವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಆಚಾರ್ಯನು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ವೈದ್ಯರು ನೆರೆದಿದ್ದ ಸಭೆಯಲ್ಲಿ, ಔಷಧದಲ್ಲಿ ಮಾಂಸದ ಬಳಕೆ ಅನವಶ್ಯಕವೆಂದು ವಾದಿಸಿದನೆಂಬ ಸಂಗತಿಯೂ ಆ ಗ್ರಂಥದಿಂದಲೇ ತಿಳಿದುಬರುತ್ತದೆ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ಅದು. ಇದೇ ರಾಮತೀರ್ಥದ ಜೈನ ಗುಹೆಯೊಂದರಲ್ಲಿ 11ನೆಯ ಶತಮಾನದ ಆರಂಭದಲ್ಲಿ ಆಳಿದ ಪೂರ್ವ ಚಾಲುಕ್ಯ ವಿಮಲಾದಿತ್ಯನ ಕಾಲದ ಕನ್ನಡ ಶಾಸನವಿದೆ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿರಲಿಲ್ಲ. 12ನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು, ಜಗದ್ದಳ ಸೋಮನಾಥನು ‘ಕರ್ನಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. 14ನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವೆಂಬ ಕಾವ್ಯವನ್ನೇ ಬರೆದನು. ಇತ್ತ ಕೃಷ್ಣಾ ತೀರದಲ್ಲಿ, ವಿಜಯವಾಡದ ಎದುರು ದಂಡೆಯ ಮಲ್ಕಾಪುರದ 1261ರ ಶಾಸನವು ಗ್ರಾಮದ ಆದಾಯದಿಂದ ಪ್ರಸೂತಿಶಾಲೆ, ಆರೋಗ್ಯಶಾಲೆಗಳನ್ನು ನಡೆಸಲು ಕಾಕತೀಯರ ಕಾಲದಲ್ಲಿ ಮಾಡಿದ ಏರ್ಪಾಡನ್ನು ದಾಖಲಿಸಿದೆ. ಆಧುನಿಕ ಕಾಲದಲ್ಲಿ ವಿಶಾಖಪಟ್ಟಣದ ವೈದ್ಯಕೀಯ ಕಾಲೇಜು 1923ರಲ್ಲಿ ಆರಂಭವಾಯಿತು; 1986ರಲ್ಲಿ ವಿಜಯವಾಡದಲ್ಲಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ವೈದ್ಯವಿದ್ಯೆಯ ಪರಂಪರೆ ಎರಡು ನಾಡುಗಳಲ್ಲಿಯೂ ಕಡಿಯಲಿಲ್ಲ. ಕಡಿದದ್ದು ‘ಬೆಜ್ಜ’ನೆಂಬ ಹೆಸರು ಮಾತ್ರ.

ಅದೇಕೆ ಕಡಿಯಿತು? ಇದಕ್ಕೆ ಉತ್ತರ ಅದರ ಸೋದರ ಪದವೊಂದರಲ್ಲಿ ದೊರೆಯುತ್ತದೆ. ‘ವೇದನೆ’ಯ ತದ್ಭವ ‘ಬೇನೆ’. ಅದು ಇಂದಿಗೂ ಜೀವಂತವಾಗಿದೆ; ಹೊಟ್ಟೆಬೇನೆ, ಹೆರಿಗೆಬೇನೆ ಎಂದರೆ ತಿಳಿಯದ ಕನ್ನಡಿಗನಿಲ್ಲ. ವೇದನೆ ಮತ್ತು ವೈದ್ಯ ಎರಡೂ ‘ಅರಿ’ ಎಂಬ ಒಂದೇ ಧಾತುವಿನ ಮಕ್ಕಳು; ಎರಡೂ ಸವೆದು ಕನ್ನಡಕ್ಕೆ ಬಂದವು. ಬೇನೆ ಉಳಿಯಿತು, ಬೆಜ್ಜ ಮರೆಯಾದ. ಬೇನೆಯು ಮನೆಯೊಳಗಿನ ಮಾತು. ಹೆಂಗಸರು, ಮಕ್ಕಳು, ಮುದುಕರು, ಓದಿದವರು, ಓದದವರು ಎಲ್ಲರೂ ನರಳುವಾಗ ಅದನ್ನೇ ಆಡಿದರು. ವೈದ್ಯನ ಹೆಸರಾದರೋ ಗೌರವದ ಸಂಗತಿ. ಗೌರವಕ್ಕೆ ಆಯಾ ಕಾಲದ ಪ್ರತಿಷ್ಠಿತ ಭಾಷೆಯೇ ಬೇಕಾಗುತ್ತದೆ. ಆದುದರಿಂದ ಬೆಜ್ಜನ ಜಾಗಕ್ಕೆ ಮತ್ತೆ ವೈದ್ಯನೂ ಪಂಡಿತನೂ ಬಂದರು. ಕಡೆಗೆ ಡಾಕ್ಟರು ಬಂದು ಕುಳಿತರು. ‘ಮದ್ದು’ ಎಂಬ ಅಚ್ಚ ದ್ರಾವಿಡ ಪದವೂ ಬೇನೆಯಂತೆಯೇ ಮನೆಯಲ್ಲಿ ಉಳಿಯಿತು. ಹಳಗನ್ನಡದ ‘ಮರ್ದು’, ತಮಿಳಿನ ‘ಮರುಂದು’, ತೆಲುಗಿನ ‘ಮಂದು’ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಮನೆಯವರು ಆಡಿದ ಪದ ಉಳಿಯುತ್ತದೆ ಎಂಬುದೇ ಈ ಚರಿತ್ರೆಯ ಪಾಠ. ಪರಸ್ಥಳದಲ್ಲಿರುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಅವರಿಗೆ ಕನ್ನಡದ ಬೀದಿಯಿಲ್ಲ, ಕನ್ನಡದ ಕಚೇರಿಯಿಲ್ಲ, ಇರುವುದು ಮನೆಯೊಂದೇ.

ಬೇನೆಯ ಭಾಷೆಗೆ ಬೆಲೆ ಎಷ್ಟು?

ಇಷ್ಟಾದರೂ ಹಳೆಯ ಪದವೊಂದು ಹೋದರೆ ಹೋಗಲಿ, ಲೋಕಕ್ಕೇನು ನಷ್ಟ ಎಂದು ಕೇಳುವವರಿದ್ದಾರೆ. ಬೆಜ್ಜನ ಮಟ್ಟಿಗೆ ಆ ಪ್ರಶ್ನೆಯಲ್ಲಿ ಸ್ವಲ್ಪ ನ್ಯಾಯವಿದೆ. ವೈದ್ಯರೆಂದರೂ ಡಾಕ್ಟರೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ. ಆದರೆ ಬೇನೆಯ ಬಳಗದ ಪದಗಳ ವಿಷಯದಲ್ಲಿ ನಷ್ಟ ನಿಜವಾದುದು. ಕೆಲವೊಮ್ಮೆ ಪ್ರಾಣಕ್ಕೆ ಸಂಬಂಧಪಟ್ಟುದು.

ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ನೌಕರಿಯಲ್ಲಿರುವ ಮಕ್ಕಳ ಬಳಿ ಇರಲು ಊರಿನಿಂದ ಬಂದ ವೃದ್ಧ ತಂದೆತಾಯಿಗಳ ಸಂಖ್ಯೆ ಸಣ್ಣದಲ್ಲ. ಅವರಿಗೆ ತೆಲುಗು ಬಾರದು. ವೈದ್ಯರ ಬಳಿ ಹೋದಾಗ ಮಗನೋ ಸೊಸೆಯೋ ಮೊಮ್ಮಗಳೋ ದುಭಾಷಿಯಾಗುತ್ತಾರೆ. ‘ಹುಷಾರಿಲ್ಲ’ ಎಂದು ಮೈಸೂರು ಕಡೆಯ ತಾಯಿ ಹೇಳಿದರೆ ತೆಲುಗಿನ ಕಿವಿಗೆ ‘ಹುರುಪಿಲ್ಲ’ ಎಂದು ಕೇಳಿಸುತ್ತದೆ. ಅಲ್ಲಿ ‘ಹುಷಾರು’ ಎಂದರೆ ಉತ್ಸಾಹ. ಕನ್ನಡದ ‘ಎದೆ’ ಎಂಬ ಒಂದೇ ಪದವು ಎದೆಗೂಡನ್ನೂ ಅದರೊಳಗಿನ ಹೃದಯವನ್ನೂ ಒಳಗೊಳ್ಳುತ್ತದೆ. ಆಡುತೆಲುಗಿನಲ್ಲಿ ‘ಛಾತೀ’ ಬೇರೆ, ‘ಗುಂಡೆ’ ಬೇರೆ. ಎದೆನೋವು, ಎದೆಯುರಿ, ಎದೆಬಿಗಿತ, ಎದೆಭಾರ ಎಂದು ಹಿರಿಯರು ನಾಲ್ಕು ಬಗೆಯಾಗಿ ಹೇಳಿದುದನ್ನು ಮೊಮ್ಮಗಳು ‘ಗುಂಡೆ ನೊಪ್ಪಿ’ ಎಂದೋ ‘ಗ್ಯಾಸ್’ ಎಂದೋ ಒಂದೇ ಮಾತಿನಲ್ಲಿ ಮುಗಿಸಿದರೆ ವೈದ್ಯರಿಗೆ ದಾರಿ ತಪ್ಪುತ್ತದೆ. ಹೃದಯಾಘಾತವು ಎಲ್ಲರಲ್ಲಿಯೂ ತೀವ್ರ ನೋವಾಗಿಯೇ ಬರುವುದಿಲ್ಲ. ಮುಖ್ಯವಾಗಿ ವೃದ್ಧರಲ್ಲಿ, ಸ್ತ್ರೀಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಅದು ಬರಿಯ ಭಾರ, ಆಯಾಸ, ಉಬ್ಬಸ, ತಣ್ಣನೆಯ ಬೆವರು, ಓಕರಿಕೆಗಳ ರೂಪದಲ್ಲಿ ಬಂದುಬಿಡಬಹುದು. ‘ನೋವಿಲ್ಲವಂತೆ, ಎದೆ ಭಾರವಂತೆ’ ಎಂಬ ಮಾತು ಅಲ್ಲಗಳೆಯತಕ್ಕುದಲ್ಲ; ಕೂಡಲೇ 108ಕ್ಕೆ ಕರೆ ಮಾಡತಕ್ಕುದು.

ತಲೆಯ ವಿಷಯವೂ ಹೀಗೆಯೇ. ‘ತಲೆಸುತ್ತು’ ಎಂದರೆ ಸುತ್ತಲಿನ ಗೋಡೆ ಬಾಗಿಲುಗಳೆಲ್ಲ ತಿರುಗಿದಂತಾಗುವುದು. ‘ಕಣ್ಣು ಕತ್ತಲಿಟ್ಟಿತು’ ಎಂದರೆ ಎದ್ದು ನಿಂತೊಡನೆ ಪ್ರಜ್ಞೆ ತಪ್ಪುವಂತಾಗುವುದು. ಮೊದಲನೆಯದು ಬಹುಮಟ್ಟಿಗೆ ಒಳಗಿವಿಯ ಕಡೆಗೂ, ಎರಡನೆಯದು ರಕ್ತದ ಒತ್ತಡ ಇಲ್ಲವೇ ಹೃದಯದ ಬಡಿತದ ಕಡೆಗೂ ವೈದ್ಯರ ಲಕ್ಷ್ಯವನ್ನು ಒಯ್ಯುತ್ತವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮೊಮ್ಮಕ್ಕಳು ಎರಡನ್ನೂ ‘ಗಿಡ್ಡಿನೆಸ್’ ಎಂದುಬಿಡುತ್ತಾರೆ. ಹಾಗೆಯೇ ‘ಜುಮ್ಮೆನ್ನುವುದು’ ಬೇರೆ, ‘ಮರಗಟ್ಟುವುದು’ ಬೇರೆ. ಒಂದು ಪಕ್ಕದ ಕೈಕಾಲು ಹಠಾತ್ತನೆ ಮರಗಟ್ಟಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಸೂಚನೆ. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಪದದ ಅರ್ಥಕ್ಕಾಗಿ ತಡಕಾಡುವುದು ಕಾಲಹರಣ.

ನೋವಿನ ಪದಗಳಿಗೆ ಬೆಲೆಯುಂಟೆಂಬುದು ಕನ್ನಡಾಭಿಮಾನಿಗಳ ಉತ್ಪ್ರೇಕ್ಷೆಯಲ್ಲ. ಕೆನಡದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್‌ಜ್ಯಾಕ್ ಅವರು ರೋಗಿಗಳು ತಮ್ಮ ನೋವನ್ನು ಬಣ್ಣಿಸಲು ಬಳಸುವ ಪದಗಳನ್ನು ಸಂಗ್ರಹಿಸಿ, ವಿಂಗಡಿಸಿ, 1975ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ 78 ಪದಗಳು 20 ಗುಂಪುಗಳಲ್ಲಿವೆ. ಚುಚ್ಚುವ ನೋವು, ಸುಡುವ ನೋವು, ಹಿಂಡುವ ನೋವು, ಸಿಡಿಯುವ ನೋವು ಎಂದು ರೋಗಿಯು ಆರಿಸುವ ಪದವೇ ನೋವಿನ ಮೂಲವನ್ನು ಹುಡುಕಲು ನೆರವಾಗುತ್ತದೆಂಬುದು ಅದರ ತತ್ತ್ವ. ಅನಂತರ ಆ ಪ್ರಶ್ನಾವಳಿಯು ಅನೇಕ ಭಾಷೆಗಳಿಗೆ ಹೋಯಿತು. ಆಟದ ಪಟ್ಟಿ ತಿರಸ್ಕರಿಸುವ ಬಗೆಯ ಪದಗಳನ್ನೇ ವೈದ್ಯವಿಜ್ಞಾನ ಆಯ್ದು ಜೋಪಾನ ಮಾಡಿತು. ಕನ್ನಡದ ಅಜ್ಜಿಯ ಬಳಿ ಸೆಳೆತ, ಸಿಡಿತ, ಉಳುಕು, ಹಿಡಿತ, ಉರಿ, ನವೆ, ಸಂಕಟ, ತಳಮಳ, ಅರೆದಲೆನೋವು ಎಂದು ಅಂಥದೇ ಒಂದು ಪ್ರಶ್ನಾವಳಿ ಬಾಯಿಪಾಠವಾಗಿದೆ. ಅದನ್ನು ಕೇಳಿ ಬರೆದುಕೊಳ್ಳುವವರು ಬೇಕಾಗಿದ್ದಾರೆ.

ಎರಡು ಆಕ್ಷೇಪಗಳು

ಪದಬಂಧ ರಚಿಸುವವರ ಪಕ್ಷದಲ್ಲಿಯೂ ಹೇಳಬೇಕಾದುದುಂಟು. ಆಟವೆಂದ ಮೇಲೆ ಆಡುವವರೆಲ್ಲರಿಗೂ ತಿಳಿದ ಪದಗಳಿರಬೇಕಾದುದು ನ್ಯಾಯ. ನಿಘಂಟಿನ ಮೂಲೆಯಿಂದ ಅಪರೂಪದ ಪದಗಳನ್ನು ಹೆಕ್ಕಿ ತಂದು ತುಂಬಿದರೆ ಅದು ವಿನೋದವಾಗದೆ ಪರೀಕ್ಷೆಯಾಗುತ್ತದೆ. ಈ ವಾದ ಒಪ್ಪತಕ್ಕುದೇ. ‘ಈ ಆಟದಲ್ಲಿ ಈ ಪದವಿಲ್ಲ’ ಎಂದರೆ ಯಾರ ತಕರಾರೂ ಇರದು. ‘ಇಂಥ ಪದವೇ ಇಲ್ಲ’ ಎಂದಾಗಲೇ ಅನ್ಯಾಯ. ಕನ್ನಡದಲ್ಲಿ ಬೆಳೆದವನು ಆ ತೀರ್ಪನ್ನು ನಕ್ಕು ತಳ್ಳಿಹಾಕುತ್ತಾನೆ. ಹೊರನಾಡಿನಲ್ಲಿ ಬೆಳೆದ ಮಗುವಿಗೆ ಅದನ್ನು ಅಲ್ಲಗಳೆಯಲು ಬೇರೆ ಆಧಾರವಿಲ್ಲ. ಯಂತ್ರ ಇಲ್ಲವೆಂದುದನ್ನು ಅಜ್ಜಿ ಇದೆ ಎಂದರೆ ಮಗು ಯಂತ್ರವನ್ನೇ ನಂಬುತ್ತದೆ. ಅಂದಿನಿಂದ ಅಜ್ಜಿಯ ಮಾತೆಲ್ಲವೂ ತಪ್ಪು ಕನ್ನಡವೆಂದು ತೋರತೊಡಗುತ್ತದೆ. ಒಂದು ಪದದಿಂದ ಆರಂಭವಾದ ಅವಿಶ್ವಾಸ ಒಂದು ನುಡಿಯ ಮೇಲಿನ ಅವಿಶ್ವಾಸವಾಗಿ ಬೆಳೆಯಲು ಬಹಳ ದಿನ ಬೇಕಿಲ್ಲ.

ಇನ್ನೊಂದು ಆಕ್ಷೇಪವೆಂದರೆ, ಇದ್ದ ಊರಿನ ಭಾಷೆಯನ್ನು ಚೆನ್ನಾಗಿ ಕಲಿತರೆ ಸಾಲದೇ ಎಂಬುದು. ಕಲಿಯಲೇಬೇಕು, ತೆಲುಗು ಬಾರದೆ ಆಂಧ್ರದಲ್ಲಿ ಬಾಳುವುದು ಸೌಜನ್ಯವೂ ಅಲ್ಲ, ಕ್ಷೇಮವೂ ಅಲ್ಲ. ಆದರೆ ಎಪ್ಪತ್ತು ದಾಟಿದವರು ನೋವು ಬಂದಾಗ ಕಲಿತ ಭಾಷೆಯಲ್ಲಿ ನರಳುವುದಿಲ್ಲ. ಅವರ ನರಳಿಕೆಯನ್ನು ತಿಳಿದು ತೆಲುಗಿಗೆ ತಿರುಗಿಸುವ ಮಕ್ಕಳು ಎರಡು ಭಾಷೆಗಳನ್ನೂ ಸಮನಾಗಿ ಬಲ್ಲವರಾಗಬೇಕು. ತೆಲುಗಿನ ಜ್ಞಾನ ಹೆಚ್ಚಿದಷ್ಟೂ ಕನ್ನಡವನ್ನು ಉಳಿಸಿಕೊಳ್ಳುವುದು ಸುಲಭವೇ ಆಗುತ್ತದೆ. ಹುಣ್ಣು ಅಲ್ಲಿ ‘ಪುಂಡು’, ಹೊಟ್ಟೆ ಅಲ್ಲಿ ‘ಪೊಟ್ಟ’, ನೆತ್ತರು ಅಲ್ಲಿ ‘ನೆತ್ತುರು’, ಬೆನ್ನು ಅಲ್ಲಿ ‘ವೆನ್ನು’ ಎಂದು ಜೋಡಿಸಿ ಕಲಿತ ಮಗುವಿಗೆ ಎರಡೂ ಭಾಷೆಗಳು ಒಂದನ್ನೊಂದು ನೆನಪಿಸುತ್ತವೆ.

ಸಂಘಗಳು ಮಾಡಬಹುದಾದ ಕೆಲಸ

ಕನ್ನಡದ ದೊಡ್ಡ ನಿಘಂಟುಗಳ ಕಾರ್ಯ ಸಾಮಾನ್ಯವಾದುದಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ತೆಲುಗಿನಲ್ಲಿ ಬ್ರೌನ್ ಅವರ ನಿಘಂಟು 1852ರದು. ಪಿಠಾಪುರದ ಮಹಾರಾಜರ ಆಶ್ರಯದಲ್ಲಿ ‘ಸೂರ್ಯರಾಯಾಂಧ್ರ ನಿಘಂಟು’ ಸಿದ್ಧವಾಯಿತು. ಪರಭಾಷೆಯವರೂ ಅರಸರೂ ವಿದ್ವಾಂಸರೂ ತಲೆಮಾರುಗಟ್ಟಲೆ ದುಡಿದು ಕೂಡಿಸಿದ ಈ ಭಂಡಾರಗಳಿರುವಾಗ, ಪದದ ಇರುವಿಕೆಯನ್ನು ಆಟದ ಪಟ್ಟಿಯಲ್ಲಿ ಹುಡುಕುವುದು ಮನೆಯಲ್ಲಿ ಬಾವಿಯಿಟ್ಟುಕೊಂಡು ಬೀದಿನಲ್ಲಿಗೆ ಕಾದಂತೆ.

ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಸಂಗೀತಗಳ ಜೊತೆಗೆ ಮೂರು ಸಣ್ಣ ಕೆಲಸಗಳನ್ನು ಕೈಗೊಂಡರೆ ಸಾಕು. ಮೊದಲನೆಯದಾಗಿ, ಸದಸ್ಯರ ಮನೆಗಳ ಹಿರಿಯರಿಂದ ಬೇನೆ, ಮದ್ದು, ಪಥ್ಯ, ದೇಹಾವಯವಗಳಿಗೆ ಸಂಬಂಧಿಸಿದ ಪದಗಳನ್ನು ಬರೆದುಕೊಂಡು, ಯಾವ ಸೀಮೆಯ ಮಾತೆಂಬುದನ್ನೂ ಗುರುತು ಮಾಡಿ, ಎದುರಿಗೆ ತೆಲುಗಿನ ಸಮಾನಪದ ಕೊಟ್ಟು ಒಂದು ಕಿರುಹೊತ್ತಗೆ ಅಚ್ಚು ಹಾಕುವುದು. ಸಂಘದ ಸದಸ್ಯರಲ್ಲಿರುವ ವೈದ್ಯರು ಅದನ್ನು ತಿದ್ದಿಕೊಡಬಹುದು. ಅದರ ಒಂದು ಪ್ರತಿ ಪ್ರತಿಯೊಂದು ಮನೆಯ ಔಷಧದ ಡಬ್ಬಿಯ ಪಕ್ಕದಲ್ಲಿರಲಿ. ಎರಡನೆಯದಾಗಿ, ಮಕ್ಕಳ ಕನ್ನಡ ತರಗತಿಗಳಲ್ಲಿ ‘ಅಜ್ಜಿಯ ಪದ’ಕ್ಕೆ ವಾರಕ್ಕೊಂದು ಗಂಟೆ ಮೀಸಲಿಡುವುದು. ಮಗು ಮನೆಯಿಂದ ಒಂದು ಪದ ತರಲಿ, ಅದರ ಅರ್ಥವನ್ನು ಹೇಳಲಿ, ನಿಘಂಟಿನಲ್ಲಿ ಹುಡುಕಲಿ. ಸಿಕ್ಕದಿದ್ದರೆ ಪದ ಸುಳ್ಳೆಂದಲ್ಲ, ನಿಘಂಟಿಗೆ ಇನ್ನೂ ಸೇರಿಲ್ಲವೆಂದು ತಿಳಿಯಲಿ. ಮೂರನೆಯದಾಗಿ, ಸ್ಮರಣ ಸಂಚಿಕೆಗಳಲ್ಲಿ ಬರುವ ಪದಬಂಧಗಳಲ್ಲಿ ಇಂಥ ಎರಡು ಮೂರು ಪದಗಳನ್ನಾದರೂ, ಉತ್ತರದ ಪುಟದಲ್ಲಿ ಅರ್ಥವಿವರಣೆಯೊಡನೆ, ಸೇರಿಸುವುದು. ಆಟವು ಹೊರಗಟ್ಟಿದ ಪದ ಆಟದ ಮೂಲಕವೇ ಒಳಗೆ ಬರಲಿ.

ಹಾಗೆ ಆರಂಭಿಸುವವರಿಗೆ ಮೊದಲ ಸುಳಿವು ಇಲ್ಲಿಯೇ ಸಿದ್ಧವಾಗಿದೆ. ಎಡದಿಂದ ಬಲಕ್ಕೆ: ‘ಬೇನೆಗೆ ಮದ್ದು ಕೊಡುವವನು, ಹಳಬ, ಆದರೆ ನೆಂಟ’ — ಎರಡು ಅಕ್ಷರ.